ಸರ್ವರ್ ಕೈಕೊಟ್ಟ ದಿನ ಆಸ್ಪತ್ರೆಯಲ್ಲಿ

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರ್‌ಗಳು ಸೈಬರ್ ದಾಳಿಗೆ ಸಿಕ್ಕಿ ಸ್ತಬ್ಧವಾದವು. ನೋಂದಣಿ, ಲ್ಯಾಬ್ ವರದಿ, ಬಿಲ್ಲು ಎಲ್ಲವೂ ದಿನಗಟ್ಟಲೆ ಕೈಬರಹಕ್ಕೆ ಮರಳಿದವು. ಅಂಥ ದಿನ ನೀವು ಸರದಿಯಲ್ಲಿದ್ದರೆ ಕೌಂಟರಿನ ಹುಡುಗನ ಮೇಲೆ ರೇಗಬೇಡಿ. ಸರ್ವರ್ ಕೆಡಿಸಿದವನು ಅವನಲ್ಲ. ನಿಮಗಿಂತ ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದರೆ ಅನ್ಯಾಯ ಅನ್ನಿಸಬಹುದು. ಆದರೆ ಆ ಹೊತ್ತಿನಲ್ಲಿ ವೈದ್ಯರು ನೋಡಬೇಕಾದ್ದು ಟೋಕನ್ ಸಂಖ್ಯೆಯನ್ನಲ್ಲ, ಜೀವಕ್ಕಿರುವ ಅಪಾಯವನ್ನು.

ರಕ್ತದ ವಿಷಯ ಇನ್ನೂ ಸೂಕ್ಷ್ಮ. 2024ರ ಜೂನ್‌ನಲ್ಲಿ ಲಂಡನ್ನಿನ ಆಸ್ಪತ್ರೆಗಳಿಗೆ ಪರೀಕ್ಷೆ ಮಾಡಿಕೊಡುವ ಸಿನೋವಿಸ್ ಸಂಸ್ಥೆಯ ಮೇಲೆ ದಾಳಿಯಾಯಿತು. ರಕ್ತದ ಗುಂಪನ್ನು ಎಂದಿನ ವೇಗದಲ್ಲಿ ಹೊಂದಿಸಿ ನೋಡಲಾಗಲಿಲ್ಲ. ಹೆಚ್ಚಿನವರಿಗೆ ಒಗ್ಗುವ ಓ ಗುಂಪಿನ ರಕ್ತಕ್ಕೆ ಬೇಡಿಕೆ ಏರಿ, ದಾನಿಗಳಿಗೆ ಬಹಿರಂಗ ಮನವಿ ಹೋಯಿತು. ಹಾಗಾಗಿ ತುರ್ತಿಲ್ಲದ ಶಸ್ತ್ರಚಿಕಿತ್ಸೆ ಮುಂದೂಡಿದರೆ ಮುನಿಸು ಬೇಡ. ಏಕೆ, ಎಷ್ಟು ದಿನ, ಕಾದರೆ ಅಪಾಯವೇನು ಎಂದು ಮಾತ್ರ ಕೇಳಿಯೇ ಕೇಳಿ. “ಸಿಸ್ಟಮ್ ಸ್ವಲ್ಪ ಸ್ಲೋ ಇದೆ” ಎಂಬ ಹಾರಿಕೆಯ ಉತ್ತರ ರೋಗಿಗೆ ಕೊಡುವಂಥದ್ದಲ್ಲ.

ನುಂಗುವ ಮಾತ್ರೆಗಳ ಹೆಸರು, ಡೋಸು, ಅಲರ್ಜಿ ಇವನ್ನು ಹಾಳೆಯಲ್ಲಿ ಬರೆದು ಪರ್ಸಿನಲ್ಲಿಡಿ. ಆಸ್ಪತ್ರೆಯ ಆ್ಯಪ್‌ನಲ್ಲಿದೆ ಎಂದರೆ ಸಾಲದು, ಅದೂ ಅದೇ ಸರ್ವರಿನ ಕೂಸು. ಇನ್ಸುಲಿನ್ ಅಥವಾ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಂತೂ ಇದನ್ನು ಮರೆಯಲೇಬಾರದು. ಕೈಬರಹದಲ್ಲಿ ಒಬ್ಬರ ವಿವರ ಇನ್ನೊಬ್ಬರಿಗೆ ಸೇರದಿರಲೆಂದು ನರ್ಸ್ ನಾಲ್ಕನೇ ಸಲ ಹೆಸರು, ವಯಸ್ಸು ಕೇಳಿದರೂ ಬೇಸರಿಸದೆ ಹೇಳಿ.

ಇಂಥ ದಾಳಿಯಲ್ಲಿ ಸೋರಿಕೆಯಾದ ರೋಗಿಗಳ ಪಟ್ಟಿ ಎಂದು ವಾಟ್ಸಾಪಿಗೆ ಏನಾದರೂ ಬಂದರೆ ತೆರೆಯಬೇಡಿ, ಹಂಚಬೇಡಿ. ಅದರಲ್ಲಿ ನಿಮ್ಮ ಪಕ್ಕದ ಮನೆಯವರ ಕಾಯಿಲೆಯೂ ಇರಬಹುದು.