ಒಂದೇ ದಿನ ಕಾವು, ಒಂದೇ ದಿನ ಲಸಿಕೆ



ಬೇಸಿಗೆ ಕಳೆಯುವಷ್ಟರಲ್ಲಿ ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಕೋಳಿಗೂಡು ಖಾಲಿಯಾಗಿರುತ್ತದೆ. ಮಾರಿದ್ದಲ್ಲ, ಹಬ್ಬಕ್ಕೆ ಕೊಯ್ದದ್ದೂ ಅಲ್ಲ. ಒಂದು ಬೆಳಿಗ್ಗೆ ಒಂದು ಹೇಟೆ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಾ ನಿಲ್ಲುತ್ತದೆ. ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಬಿಳಿ ಬೆರೆತು ಭೇದಿ ಆಗುತ್ತದೆ. ಕೆಲವು ಕೋಳಿಗಳ ಕತ್ತು ತಿರುಚಿಕೊಳ್ಳುತ್ತದೆ. ಮುಂದಿನ ವಾರಕ್ಕೆ ಗೂಡಿನಲ್ಲಿ ಒಂದೋ ಎರಡೋ ಉಳಿದರೆ ಹೆಚ್ಚು.

ಇದನ್ನು ನಾವು ಕೊಕ್ಕರೆ ರೋಗ ಎನ್ನುತ್ತೇವೆ. ಪಕ್ಕದ ತೆಲುಗಿನವರು ಕೊಕ್ಕೆರ ತೆಗುಲು ಅನ್ನುತ್ತಾರೆ, ತಮಿಳಿನವರು ವೆಳ್ಳೈ ಕಳಿಚ್ಚಲ್ ಅನ್ನುತ್ತಾರೆ, ದನದ ಡಾಕ್ಟರರ ಚೀಟಿಯಲ್ಲಿ ರಾಣಿಖೇತ್ ಎಂದಿರುತ್ತದೆ. ನಾಲ್ಕು ಹೆಸರಾದರೂ ರೋಗ ಒಂದೇ. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲ್ಪಟ್ಟ ಈ ರೋಗ ಮರುವರ್ಷವೇ ಕುಮಾವೂನ್ ಬೆಟ್ಟದ ರಾಣಿಖೇತ್ ಊರಿನಲ್ಲಿ ಕಾಣಿಸಿತು. ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ವೈರಸ್‌ನಿಂದ ಬರುವ ರೋಗವಾದ್ದರಿಂದ ಬಂದ ಮೇಲೆ ಮದ್ದಿಲ್ಲ. ಬರದಂತೆ ತಡೆಯಲು ಲಸಿಕೆ ಮಾತ್ರ ಇದೆ, ಅದು ಒಳ್ಳೆಯ ಲಸಿಕೆ.

ಲಸಿಕೆ ಇದ್ದೂ ಗೂಡು ಯಾಕೆ ಖಾಲಿಯಾಗುತ್ತದೆ? ನಾವು ಕಂಡಂತೆ ಉದಾಸೀನಕ್ಕಿಂತ ಲೆಕ್ಕದ ತೊಡಕೇ ದೊಡ್ಡದು. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟು ಬರುತ್ತದೆ. ಅದನ್ನು ಐಸಿನಲ್ಲಿಟ್ಟೇ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ನಮ್ಮ ಯಾರ ಹಿತ್ತಲಿನಲ್ಲಿ ನೂರು ಕೋಳಿ ಇದೆ? ಒಬ್ಬರಲ್ಲಿ ಆರು, ಇನ್ನೊಬ್ಬರಲ್ಲಿ ಒಂಬತ್ತು. ಆ ಮನೆಯ ಮರಿಗೆ ಹತ್ತು ದಿನ, ಈ ಮನೆಯ ಮರಿಗೆ ಎರಡು ತಿಂಗಳು. ಆರು ಕೋಳಿಗಾಗಿ ಫ್ಲಾಸ್ಕ್ ಹಿಡಿದು ಬಸ್ಸಿನಲ್ಲಿ ಹೋಗಿ ಬರುವವರು ಯಾರು? ಹಾಗೆಂದು ಒಂದು ಮನೆಯವರು ಬಿಟ್ಟರೆ ಸಾಕು, ರೋಗ ಬೇಲಿ ದಾಟಿ ಬರುತ್ತದೆ.

ಅದಕ್ಕೇ ನಮ್ಮ ಅನ್ಬಿಯಂ ಕೂಟದಲ್ಲಿ ಮಾತಾಡಿ ಒಂದು ಯೋಚನೆಗೆ ಬಂದಿದ್ದೇವೆ: ಎಲ್ಲ ಮನೆಯವರೂ ಒಂದೇ ದಿನ ಕಾವು ಕೂರಿಸೋಣ. ಒಂಬತ್ತು ಕೋಳಿಗೆ ಹನ್ನೊಂದರಂತೆ ಇಟ್ಟರೆ 99 ಮೊಟ್ಟೆ ಆಯಿತು. ಹತ್ತಕ್ಕೆ ಏಳೆಂಟು ಒಡೆದರೂ ಒಂದು ಸೀಸೆಗೆ ಸಾಲುವಷ್ಟು ಒಂದೇ ವಯಸ್ಸಿನ ಮರಿಗಳಾಗುತ್ತವೆ.

ದಿನ ಯಾವುದು? ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ತಮಿಳುನಾಡಿನ ಪಶುಸಂಗೋಪನಾ ಇಲಾಖೆ ಈ ರೋಗಕ್ಕೆ ಉಚಿತ ಲಸಿಕೆ ಶಿಬಿರವನ್ನು ಸಾಮಾನ್ಯವಾಗಿ ಫೆಬ್ರವರಿಯ ಮೊದಲೆರಡು ವಾರದಲ್ಲಿ ನಡೆಸುತ್ತದೆ. ಅಲ್ಲಿ ರೆಕ್ಕೆಯ ಕೆಳಗೆ ಚುಚ್ಚುವ ಲಸಿಕೆ ಎಂಟು ವಾರ ತುಂಬಿದ ಕೋಳಿಗೆ ಮಾತ್ರ. ಅದಕ್ಕಿಂತ ಎಳೆಯ ಮರಿಗೆ ಅದೇ ಭಾರವಾಗುತ್ತದೆ. ಎಂಟು ವಾರ ಹಿಂದಕ್ಕೆ ಹೋದರೆ ಡಿಸೆಂಬರ್ ನಡುಭಾಗ, ಕಾವಿನ 21 ದಿನ ಮತ್ತೆ ಹಿಂದಕ್ಕೆ ಹೋದರೆ ನವೆಂಬರ್ ಕೊನೆ. ಅಂದರೆ ಕ್ರಿಸ್ತರಾಜರ ಹಬ್ಬದ ಭಾನುವಾರ. ಆ ಸಂಜೆ ಕೂರಿಸಿದರೆ ಕ್ರಿಸ್ತಜಯಂತಿಗೆ ಒಂದೆರಡು ವಾರ ಮುಂಚೆ ಮರಿ ಒಡೆಯುತ್ತದೆ, ಶಿಬಿರದ ಹೊತ್ತಿಗೆ ಎಂಟು ವಾರ ತುಂಬುತ್ತದೆ, ರೋಗ ಜೋರಾಗುವ ಬೇಸಿಗೆಗೆ ಮೊದಲು ಲಸಿಕೆ ಬಿದ್ದಿರುತ್ತದೆ. ಹುಡುಕಿದರೂ ಇದಕ್ಕಿಂತ ಒಳ್ಳೆಯ ದಿನ ಸಿಗಲಿಲ್ಲ.

ಆದರೆ ಕೋಳಿ ನಮ್ಮ ಪಂಚಾಂಗ ನೋಡಿ ಕಾವಿಗೆ ಬರುವುದಿಲ್ಲವಲ್ಲ! ನಾಲ್ಕೈದು ದಿನ ಮುಂಚೆಯೇ ಕಾವಿಗೆ ಬಂದ ಹೇಟೆಗೆ ಎರಡು ಮೂರು ಗೊಡ್ಡು ಮೊಟ್ಟೆ ಕೊಟ್ಟು ಕೂರಿಸಿಡಿ. ಗೊತ್ತಾದ ದಿನ ಕತ್ತಲಾದ ಮೇಲೆ ಅವನ್ನು ತೆಗೆದು ಒಳ್ಳೆಯ ಮೊಟ್ಟೆ ಇಡಿ. ರಾತ್ರಿ ಮುಟ್ಟಿದರೆ ಅದು ಗಾಬರಿಯಾಗಿ ಎದ್ದು ಓಡದು. ಕಾವಿಗೆ ಬಾರದ ಮನೆಯವರು ಮೊಟ್ಟೆಯನ್ನು ಬಂದ ಮನೆಗೆ ಕೊಡಲಿ, ಮರಿಯಲ್ಲಿ ಪಾಲು ಮಾಡಿಕೊಳ್ಳಲಿ.

ಮೊಟ್ಟೆ ಆರಿಸುವುದರಲ್ಲಿ ಬಿಗಿಯಾಗಿರಿ. ಇಟ್ಟು ಏಳು ದಿನ ಮೀರಿದ್ದು ಬೇಡ. ತೀರಾ ಸಣ್ಣದು, ತೀರಾ ದೊಡ್ಡದು, ಬಿರುಕು ಬಿಟ್ಟದ್ದು ಬೇಡ. ಕೊಳೆಯಾದದ್ದನ್ನು ತೊಳೆದು ಇಡುವುದೂ ಬೇಡ, ಸಿಪ್ಪೆಯ ಮೇಲಿನ ಪೊರೆ ಹೋಗುತ್ತದೆ. ಕೂಡಿಡುವಾಗ ಚೂಪು ತುದಿ ಕೆಳಗಿರಲಿ, ಜಾಗ ತಂಪಾಗಿರಲಿ. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಆದರೆ ಅದೇ ಗೂಡಿನಲ್ಲಿ ಹುಟ್ಟಿ ಬೆಳೆದ ಹುಂಜವನ್ನೇ ವರ್ಷ ವರ್ಷ ಉಳಿಸಿಕೊಂಡರೆ ತಳಿ ಕುಗ್ಗುತ್ತದೆ. ಮನೆ ಮನೆಗಳ ನಡುವೆ ಹುಂಜ ಬದಲಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ. ಗಿರಿರಾಜದಂಥ ಸುಧಾರಿತ ಕೋಳಿ ಹೆಚ್ಚು ಮೊಟ್ಟೆ ಕೊಡುತ್ತದೆ, ಕಾವಿಗೆ ಮಾತ್ರ ಅದನ್ನು ನಂಬಬೇಡಿ. ಆ ಕೆಲಸಕ್ಕೆ ನಾಟಿ ಹೇಟೆಯೇ ಸರಿ.

ಮಂಕರಿಯಲ್ಲಿ ಒಣಹುಲ್ಲು ಹಾಸಿ, ಕೆಳಗೆ ಇದ್ದಿಲು, ಕಬ್ಬಿಣದ ಮೊಳೆ, ಒಣಮೆಣಸಿನಕಾಯಿ ಇಡುವ ವಾಡಿಕೆ ನಮ್ಮ ಅಜ್ಜಿಯರದು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಹಾಗೆ ಇಡುತ್ತಿದ್ದರು. ಇಟ್ಟರೆ ಕೆಡುಕೇನಿಲ್ಲ. ಹೇನು ಹತ್ತದ ಹೊಸ ಹುಲ್ಲು, ಬೆಕ್ಕು ನಾಯಿ ಹೋಗದ ಮೂಲೆ, ಹತ್ತಿರದಲ್ಲಿ ನೀರು ಮತ್ತು ಕಾಳು, ಇವಿಷ್ಟು ತಪ್ಪದಿರಲಿ. ದಿನಕ್ಕೊಮ್ಮೆ ತಾನೇ ಎದ್ದು ತಿಂದು ಹಿಕ್ಕೆ ಹಾಕಿ ಬರುತ್ತದೆ, ಹೆದರಬೇಡಿ. ಮೊಟ್ಟೆ ಹೊರಳಿಸುವುದೂ ಅದರದೇ ಕೆಲಸ.

ಏಳನೆಯ ರಾತ್ರಿ ಮಕ್ಕಳನ್ನು ಕರೆಯಿರಿ. ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದರೆ ಒಳಗೆ ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ, ನಡುವೆ ಒಂದು ಕಪ್ಪು ಚುಕ್ಕಿ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು, ತೆಗೆದುಬಿಡಿ. ತಮಿಳು ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಹೇಟೆ, ಕಾವು, ಮಂಕರಿ ಎಂಬ ಮಾತುಗಳು ಕೈಗೆ ಹತ್ತುವುದು ಇಂಥ ಹೊತ್ತಿನಲ್ಲೇ.

18ನೆಯ ದಿನದಿಂದ ಮೊಟ್ಟೆ ಮುಟ್ಟಬೇಡಿ. ಸಿಪ್ಪೆಯಲ್ಲಿ ತೂತು ಬಿದ್ದ ಮೇಲೆ ಮರಿ ಪೂರ್ತಿ ಹೊರಬರಲು ಒಂದು ಹಗಲು ರಾತ್ರಿ ಹಿಡಿಯಬಹುದು. ಕರುಣೆಯಿಂದ ಸಿಪ್ಪೆ ಬಿಡಿಸಿದರೆ ರಕ್ತ ಸುರಿದು ಮರಿ ಸಾಯುತ್ತದೆ. ಮೊದಲ ದಿನ ಕಾಳು ತಿನ್ನದಿದ್ದರೂ ಚಿಂತೆಯಿಲ್ಲ, ಹಳದಿ ಇನ್ನೂ ಅದರ ಹೊಟ್ಟೆಯಲ್ಲಿರುತ್ತದೆ.

ಒಂದೇ ದಿನ ಕೂರಿಸಿದ್ದರ ಇನ್ನೊಂದು ಲಾಭ ಇಲ್ಲಿ ಕಾಣುತ್ತದೆ. ಒಂದು ಮನೆಯಲ್ಲಿ ಮೂರೇ ಮರಿ ಒಡೆದು, ಇನ್ನೊಂದು ಮನೆಯ ತಾಯಿ ಸತ್ತರೆ, ಆ ಮರಿಗಳನ್ನು ರಾತ್ರಿ ಈ ತಾಯಿಯ ರೆಕ್ಕೆಯಡಿ ಸೇರಿಸಿಬಿಡಿ. ಒಂದೇ ಪ್ರಾಯದ ಮರಿಗಳಾದರೆ ಸಾಮಾನ್ಯವಾಗಿ ಬೆಳಿಗ್ಗೆ ಎಲ್ಲವನ್ನೂ ತನ್ನದೇ ಎಂದುಕೊಂಡು ಕರೆದೊಯ್ಯುತ್ತದೆ. ಯೇಸುಸ್ವಾಮಿ ಜೆರುಸಲೇಮಿಗಾಗಿ ಮರುಗಿದಾಗ ಮರಿಗಳನ್ನು ರೆಕ್ಕೆಯಡಿ ಕೂಡಿಸುವ ಕೋಳಿಯ ಹೋಲಿಕೆ ಕೊಟ್ಟದ್ದನ್ನು ಮತ್ತಾಯ ಮತ್ತು ಲೂಕರ ಶುಭಸಂದೇಶಗಳಲ್ಲಿ ಓದಿದ್ದೇವೆ. ಹಿತ್ತಲಿನಲ್ಲಿ ಅದನ್ನು ಕಂಡವರಿಗೆ ಆ ಮಾತು ಹೆಚ್ಚು ತಟ್ಟುತ್ತದೆ.

ಡಿಸೆಂಬರ್‌ನಲ್ಲಿ ನಮ್ಮ ಕಡೆ ಚಳಿ ಹೆಚ್ಚು. ತಾಯಿ ಮರಿಗಳನ್ನು ರಾತ್ರಿ ಗೋಣಿ ಮುಚ್ಚಿದ ಬುಟ್ಟಿಯಡಿ ಒಳಗೆ ಇರಿಸಿ, ಬಿಸಿಲೇರಿದ ಮೇಲೆ ಬಿಡಿ. ಕಾಗೆ, ಹದ್ದು, ಮುಂಗುಸಿಗಳಿಗೆ ಹೆಚ್ಚು ಮರಿ ಹೋಗುವುದು ಮೊದಲ ತಿಂಗಳಲ್ಲೇ. ನುಚ್ಚು, ರಾಗಿ ಜೊತೆಗೆ ಗೆದ್ದಲು ಕೊಡಿ: ಹಳೆಯ ಮಡಕೆಯಲ್ಲಿ ಹಸಿ ಸಗಣಿ, ಹುಲ್ಲು, ಗೋಣಿಚೂರು ತುಂಬಿ ಗೆದ್ದಲಿರುವ ನೆಲದಲ್ಲಿ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆಗೆ ಮುತ್ತಿರುತ್ತದೆ.

ಮರಿಗೆ ಐದರಿಂದ ಏಳು ದಿನವಾದಾಗ ಮೊದಲ ಲಸಿಕೆ, ಕಣ್ಣಿಗೆ ಒಂದು ಹನಿ. ಇದಕ್ಕೆ ಶಿಬಿರ ಕಾಯುವಂತಿಲ್ಲ. ದನದ ಆಸ್ಪತ್ರೆಯಲ್ಲಿ ಮೊದಲೇ ಹೇಳಿಡಬೇಕು. ತಾಯಿಯ ಜೊತೆ ಮುಚ್ಚಿದ ಬುಟ್ಟಿಯಲ್ಲಿ ಎಲ್ಲರೂ ಒಂದೇ ಕಡೆ ತಂದರೆ ಅರ್ಧ ಗಂಟೆಯ ಕೆಲಸ. ತೂಕಡಿಸುವ, ಭೇದಿಯಾಗುವ ಮರಿ ಇದ್ದ ಮನೆಯವರು ಬುಟ್ಟಿ ತರದೆ ಸುದ್ದಿ ಮಾತ್ರ ತಿಳಿಸಿ. ಫೆಬ್ರವರಿಯ ಚುಚ್ಚುಮದ್ದಿಗೆ ಒಂದು ವಾರ ಮುಂಚೆ ಜಂತುಹುಳದ ಔಷಧಿ ಹಾಕಿಸಿರಿ. ಸಂದೇಹವಿದ್ದರೆ ಮತ್ತಿಗಿರಿಯಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಕೋಳಿಸಾಕಣೆ ಕಾಲೇಜೇ ಇದೆ, ಹೋಗಿ ಕೇಳಲು ಸಂಕೋಚ ಬೇಡ.

ಬೇಲಿಯಾಚೆಯ ತಮಿಳು, ತೆಲುಗು ಮನೆಗಳನ್ನೂ, ನಮ್ಮ ದೇವಾಲಯಕ್ಕೆ ಬಾರದವರನ್ನೂ ಸೇರಿಸಿಕೊಳ್ಳಿ. ಅವರ ಕೋಳಿಯೂ ಇದೇ ತಿಪ್ಪೆ ಕೆದಕುತ್ತದೆ. ಕಾವಿಗೆ ಕೂರಿಸುವವರು ಎಷ್ಟು ಹೇಟೆ, ಎಷ್ಟು ಮೊಟ್ಟೆ ಎಂಬುದನ್ನು ಕ್ರಿಸ್ತರಾಜರ ಹಬ್ಬದ ಹಿಂದಿನ ಭಾನುವಾರ ಪೂಜೆಯ ನಂತರ ನಿಮ್ಮ ಅನ್ಬಿಯಂ ಮುಖಂಡರಲ್ಲಿ ಬರೆಸಿ. ಫ್ಲಾಸ್ಕ್ ಇರುವ ಮನೆಯವರೂ ಹೆಸರು ಕೊಡಿ, ಎರಡಾದರೂ ಬೇಕಾಗುತ್ತದೆ.