ಲಿಂಕಿನ ಬಣ್ಣ ಮತ್ತು ಅಡಿಗೆರೆ: ಬೆಳೆಗಾರರು ತಿಳಿದಿರಬೇಕಾದದ್ದು



ಅಡಿಕೆ ಧಾರಣೆ, ಕಾಫಿ ಮಂಡಳಿಯ ಪ್ರಕಟಣೆ, ಪಹಣಿ ಇವೆಲ್ಲವನ್ನೂ ಈಗ ನಾವು ಮೊಬೈಲಿನಲ್ಲೋ ಸಂಘದ ಕಂಪ್ಯೂಟರಿನಲ್ಲೋ ನೋಡುತ್ತೇವೆ. ಒಂದೇ ಪುಟವನ್ನು ಎರಡು ಕಡೆ ತೆರೆದಾಗ ಒಂದರಲ್ಲಿ ಲಿಂಕು ನೀಲಿ, ಇನ್ನೊಂದರಲ್ಲಿ ನೇರಳೆ. ಒಂದರಲ್ಲಿ ಅಡಿಗೆರೆ ಇದೆ, ಇನ್ನೊಂದರಲ್ಲಿ ಇಲ್ಲ. ಇವುಗಳಲ್ಲಿ ಯಾವುದನ್ನು ನಂಬಬೇಕೆಂಬುದು ಪರಶುರಾಂಪುರ ಭಾಗದ ಸದಸ್ಯರ ಪ್ರಶ್ನೆ.

ನಮ್ಮ ಕಸುಬಿನಲ್ಲಿ ಬಣ್ಣವು ಮಾಲಿನ ಗುಣವನ್ನು ಹೇಳುತ್ತದೆ. ಕಾಫಿ ಹಣ್ಣು ಕೆಂಪಾದರೆ ಕೊಯ್ಲಿಗೆ ಬಂತೆಂದು ಅರ್ಥ. ರಾಶಿ ಅಡಿಕೆಯ ಬಣ್ಣ ಕೆಟ್ಟರೆ ಧಾರಣೆ ಇಳಿಯುತ್ತದೆ. ಆದರೆ ಲಿಂಕಿನ ಬಣ್ಣ ಪುಟದ ಗುಣವನ್ನು ಹೇಳುವುದಿಲ್ಲ. ಆ ಪುಟವನ್ನು ಈ ಯಂತ್ರದಲ್ಲಿ ಹಿಂದೆ ತೆರೆದದ್ದುಂಟೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತದೆ.

ವೆಬ್ ಪುಟಗಳ ಆರಂಭಕಾಲದಲ್ಲಿ ಅನೇಕ ಪರದೆಗಳು ಕಪ್ಪು-ಬಿಳುಪಿನವು. ಬಣ್ಣ ಕಾಣದ ಕಡೆ ಲಿಂಕನ್ನು ಗುರುತಿಸಲು ಅಡಿಗೆರೆ ನೆರವಾಯಿತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಮೊಸಾಯಿಕ್ ಬ್ರೌಸರ್ ನೀಲಿ ಬಣ್ಣವನ್ನೂ ಅಡಿಗೆರೆಯನ್ನೂ ಜೊತೆಯಾಗಿ ರೂಢಿಗೆ ತಂದಿತು. ತೆರೆಯದ ಲಿಂಕಿಗೆ ನೀಲಿ, ತೆರೆದದ್ದಕ್ಕೆ ನೇರಳೆ ಎಂಬ ವಾಡಿಕೆ ಇಂದಿಗೂ ಉಳಿದಿದೆ. 1996ರಲ್ಲಿ ಸಿಎಸ್‌ಎಸ್ ಎಂಬ ನಿಯಮಾವಳಿ ಬಂದ ಮೇಲೆ, ಪುಟ ರಚಿಸುವವರು ತಮಗೆ ಬೇಕಾದ ಬಣ್ಣ ಹಾಕುವುದೂ ಗೆರೆ ತೆಗೆಯುವುದೂ ಸುಲಭವಾಯಿತು.

ಬ್ರೌಸರಿನ ಆವೃತ್ತಿಯಿಂದಲೂ ವ್ಯತ್ಯಾಸವಾಗುತ್ತದೆ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಗೆರೆ ಸದಾ ಇರಲಿ, ಮೌಸಿನ ಬಾಣ ಮೇಲೆ ಬಂದಾಗ ಮಾತ್ರ ಇರಲಿ ಅಥವಾ ಬೇಡವೇ ಬೇಡ ಎಂದು ಬಳಸುವವರೇ ಆರಿಸಬಹುದಿತ್ತು. 2023ರ ಫೈರ್‌ಫಾಕ್ಸ್ 121ರಲ್ಲಿ ಎಲ್ಲ ಲಿಂಕುಗಳಿಗೂ ಗೆರೆ ಹಾಕಿಸುವ ಆಯ್ಕೆ ಬಂತು. ಕ್ರೋಮಿನಲ್ಲಿ ಮೊದಲು, ಎಲ್ಲಿಂದ ತೆರೆದಿದ್ದರೂ ಲಿಂಕು ಎಲ್ಲ ತಾಣಗಳಲ್ಲೂ ನೇರಳೆಯಾಗುತ್ತಿತ್ತು. ಈ ಬಣ್ಣದ ಜಾಡು ಹಿಡಿದು ನಾವು ನೋಡಿದ ಪುಟಗಳನ್ನು ಪರರು ತಿಳಿಯುವ ದಾರಿಯೂ ಇತ್ತು. ಅದನ್ನು ಮುಚ್ಚಲೆಂದು 2025ರ ಕ್ರೋಮ್ 136ರಿಂದ ನಿಯಮ ಬದಲಾಯಿತು: ಒಂದು ತಾಣದಲ್ಲಿ ಒತ್ತಿ ತೆರೆದ ಲಿಂಕು ಬೇರೆ ತಾಣದಲ್ಲಿ ನೀಲಿಯಾಗಿಯೇ ಕಾಣುತ್ತದೆ. ಹಳೆಯ ಕಂಪ್ಯೂಟರಿಗೂ ಹೊಸ ಮೊಬೈಲಿಗೂ ಹೊಂದಿಕೆಯಾಗದಿರಲು ಇದೂ ಒಂದು ಕಾರಣ.

ಆದುದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಲಿಂಕು ನೇರಳೆಯಾಗಿದೆ ಎಂದ ಮಾತ್ರಕ್ಕೆ ಇಂದಿನ ಧಾರಣೆ ನೋಡಿದಂತಾಗಲಿಲ್ಲ. ನಿನ್ನೆ ತೆರೆದದ್ದಕ್ಕೂ ಅದೇ ಬಣ್ಣ. ಪುಟ ತೆರೆದು ದಿನಾಂಕ ಯಾವುದು, ಮಾರುಕಟ್ಟೆ ಭೀಮಸಮುದ್ರವೋ ಶಿವಮೊಗ್ಗವೋ, ಧಾರಣೆ ರಾಶಿಯದೋ ಬೆಟ್ಟೆಯದೋ ಎಂದು ಓದಿಕೊಂಡೇ ವ್ಯಾಪಾರದ ಮಾತಾಡಿ.

2. ಬ್ರೌಸರಿನ ಹಿಸ್ಟರಿ ಅಳಿಸಿದರೆ ನೇರಳೆ ಮತ್ತೆ ನೀಲಿಯಾಗುತ್ತದೆ. ಗಾಬರಿ ಬೇಡ, ಪುಟದಲ್ಲಿದ್ದದ್ದು ಏನೂ ಅಳಿದಿರುವುದಿಲ್ಲ.

3. ನೀಲಿ ಅಕ್ಷರ, ಅಡಿಗೆರೆ ಇದ್ದರೆ ಅದು ಸರ್ಕಾರದ ಮೊಹರಲ್ಲ. ಸಬ್ಸಿಡಿ ಬಂದಿದೆ ಎಂದು ನಂಬಿಸುವ ಮೋಸದ ಸಂದೇಶಕ್ಕೂ ಅದೇ ಬಣ್ಣವಿರುತ್ತದೆ. ಮೇಲೆ ಕಾಣುವ ಹೆಸರು ಒಂದು, ಕರೆದೊಯ್ಯುವ ವಿಳಾಸ ಇನ್ನೊಂದು ಆಗಿರಬಹುದು. ಮೊಬೈಲ್ ಬ್ರೌಸರಿನಲ್ಲಿ ಲಿಂಕಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ, ಕಂಪ್ಯೂಟರಿನಲ್ಲಿ ಬಾಣವನ್ನು ಅದರ ಮೇಲೆ ನಿಲ್ಲಿಸಿದರೆ, ನಿಜವಾದ ವಿಳಾಸ ಕಾಣುತ್ತದೆ. ಸರ್ಕಾರಿ ತಾಣದ ಹೆಸರು ಸಾಮಾನ್ಯವಾಗಿ 'ಡಾಟ್ ಜಿಓವಿ ಡಾಟ್ ಇನ್' ಎಂದು ಮುಗಿಯುತ್ತದೆ. ಅದರ ನಂತರ ಓರೆಗೆರೆ ಬರಬಹುದೇ ಹೊರತು ಇನ್ನೊಂದು ಚುಕ್ಕೆಯೂ ಹೆಸರೂ ಬರಬಾರದು.

4. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿ.

ವರ್ಷದ ಬೆಳೆಯ ಹಣ ಒಂದೇ ಖಾತೆಯಲ್ಲಿರುವ ಸಣ್ಣ ಹಿಡುವಳಿದಾರರಿಗೆ ಈ ಎಚ್ಚರ ಬಹಳ ಮುಖ್ಯ. ಸಂದೇಹವಿದ್ದವರು ಲಿಂಕನ್ನು ಒತ್ತುವ ಮೊದಲೇ ಸಂಘದ ಕಚೇರಿಗೆ ಬಂದು ವಿಚಾರಿಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ