ಹಾಯಿದೋಣಿಯ ಮೊದಲ ಪಾಠ: ಗಾಳಿ ಯಾವ ಕಡೆ?

ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ಹೋರ್ಮುಜ್‌ನಿಂದ ಹಡಗಿನಲ್ಲಿ ಕುದುರೆ ತಂದು, ಕೊಂಕಣದ ಚೌಲ್‌ನಲ್ಲಿ ಇಳಿದು, ನೆಲದ ಹಾದಿ ಹಿಡಿದು ಬೀದರಿಗೆ ಬಂದು ಅದನ್ನು ಮಾರಿದ. ಮುಂದೆ ಬೀದರಿನಲ್ಲಿ ಬಹಮನಿ ಮಂತ್ರಿಯಾದ ಮಹಮೂದ್ ಗವಾನ್ ಕೂಡ ಕಡಲು ದಾಟಿ ದಾಭೋಳದಲ್ಲಿ ಇಳಿದವನೇ. ಕರಾವಳಿಯಿಂದ ಇಷ್ಟು ದೂರವಿದ್ದರೂ ಬೀದರಿಗೂ ಹಾಯಿಗೂ ನಂಟು ಹಳೆಯದು.

ನೌಕಾಪಡೆಯ ಅಗ್ನಿವೀರರಾಗಿ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ತರಬೇತಿಗೆ ಹೊರಡುವ ಔರಾದ್, ಭಾಲ್ಕಿಯ ಮಕ್ಕಳಿಗೂ, ಸುಮಾರು 140 ಕಿ.ಮೀ. ದೂರದ ಹೈದರಾಬಾದಿನ ಹುಸೇನ್ ಸಾಗರದಲ್ಲಿ ದೋಣಿ ಕಲಿಯಬೇಕೆನ್ನುವವರಿಗೂ ಮೊದಲ ಪಾಠ ಒಂದೇ. ಅದನ್ನು ದಡದಲ್ಲೇ ಕಲಿಯಬಹುದು.

ಕಾರಂಜಾ ಜಲಾಶಯದ ದಂಡೆಯಲ್ಲಿ ನಿಂತು ನೀರಿನ ಮೇಲಿನ ಸಣ್ಣ ಅಲೆ ಯಾವ ಕಡೆಯಿಂದ ಬರುತ್ತದೆ ನೋಡಿ. ಗಾಳಿಯೂ ಸಾಮಾನ್ಯವಾಗಿ ಆ ಕಡೆಯದೇ. ಎರಡೂ ಕಿವಿಗೆ ಗಾಳಿ ಸಮನಾಗಿ ಬಡಿಯುವವರೆಗೆ ಮುಖ ತಿರುಗಿಸಿದರೆ ದಿಕ್ಕು ಖಚಿತವಾಗುತ್ತದೆ. ಕಣದಲ್ಲಿ ಜೋಳ ತೂರಿದವರಿಗೆ ಮುಂದಿನದು ಸುಲಭ. ಗಾಳಿ ಬರುವ ಕಡೆ ‘ವಿಂಡ್‌ವರ್ಡ್’, ಹೊಟ್ಟು ಹಾರಿ ಬೀಳುವ ಕಡೆ ‘ಲೀವರ್ಡ್’. ದೋಣಿಯಲ್ಲಿ ಉಳಿದೆಲ್ಲ ಮಾತು ಈ ಎರಡರ ಮೇಲೆ ನಿಂತಿದೆ.

ಇನ್ನು ದೋಣಿಯ ಅಂಗಗಳು. ಮೂತಿ ‘ಬೋ’, ಹಿಂಬದಿ ‘ಸ್ಟರ್ನ್’. ಮುಂದಕ್ಕೆ ಮುಖ ಮಾಡಿದಾಗ ಎಡಬದಿ ‘ಪೋರ್ಟ್’, ಅದರ ದೀಪ ಕೆಂಪು; ಬಲಬದಿ ‘ಸ್ಟಾರ್‌ಬೋರ್ಡ್’, ಅದರ ದೀಪ ಹಸಿರು. ನೀವು ಯಾವ ಕಡೆ ತಿರುಗಿ ಕುಳಿತರೂ ಈ ಹೆಸರು ಬದಲಾಗುವುದಿಲ್ಲ. ಅದಕ್ಕೇ ಎಡ-ಬಲ ಎಂದು ಕೂಗುವುದಿಲ್ಲ. ಹಾಯಿಯ ಬುಡದ ಅಡ್ಡಗಂಬ ‘ಬೂಮ್’. ‘ಶೀಟ್’ ಎಂದರೆ ಬಟ್ಟೆಯಲ್ಲ, ಹಾಯಿಯನ್ನು ಎಳೆದು ಬಿಡುವ ಹಗ್ಗ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಚುಕ್ಕಾಣಿಯ ಹಿಡಿ ‘ಟಿಲ್ಲರ್’ ಎಡಕ್ಕೆ ಹೋದರೆ ದೋಣಿ ಬಲಕ್ಕೆ ತಿರುಗುತ್ತದೆ.

ಹರಗೋಲು ನೀರಿನಲ್ಲಿ ಗಿರಗಿರ ಸುತ್ತುವುದು ಅದರ ತಳಕ್ಕೆ ಹಿಡಿತವಿಲ್ಲದ್ದಕ್ಕೆ. ಹಾಯಿದೋಣಿಯ ತಳದಿಂದ ನೀರಿಗಿಳಿಯುವ ‘ಡ್ಯಾಗರ್‌ಬೋರ್ಡ್’ ಎಂಬ ಹಲಗೆ ಅಡ್ಡ ಜಾರುವುದನ್ನು ತಡೆಯುತ್ತದೆ. ಬೀದರಿನ ಆಕಾಶದಲ್ಲಿ ಹಾರುವ ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳ ರೆಕ್ಕೆಯಂತೆಯೇ ಬಾಗಿದ ಹಾಯಿಯೂ ಕೆಲಸ ಮಾಡುತ್ತದೆ. ಹಲಗೆ, ಹಾಯಿ ಎರಡೂ ಸೇರಿ ದೋಣಿಯನ್ನು ಗಾಳಿಯ ಎದುರಿಗೂ ಓರೆಯಾಗಿ ಒಯ್ಯುತ್ತವೆ. ನೇರ ಎದುರಿಗೆ ಮಾತ್ರ ಸಾಧ್ಯವಿಲ್ಲ. ಎರಡೂ ಬದಿಗೆ ಸುಮಾರು 45 ಡಿಗ್ರಿ ಬಿಟ್ಟು ಅಂಕುಡೊಂಕಾಗಿ ಸಾಗಬೇಕು.

ಹಾಗೆ ಮೂತಿಯನ್ನು ಗಾಳಿಗೆ ಅಡ್ಡಹಾಯಿಸಿ ತಿರುಗಿಸುವುದೇ ‘ಟ್ಯಾಕ್’. ಚುಕ್ಕಾಣಿ ಹಿಡಿದವರು ‘ರೆಡಿ ಅಬೌಟ್’ ಎಂದಾಗ ಜೊತೆಗಾರ ಸಿದ್ಧನಾಗಿ ‘ರೆಡಿ’ ಎನ್ನಬೇಕು; ಸಿದ್ಧನಿಲ್ಲದಿದ್ದರೆ ಸುಮ್ಮನಿರದೆ ಹಾಗೆಂದು ಕೂಗಬೇಕು. ‘ಲೀ ಹೋ’ ಎಂದೊಡನೆ ತಲೆ ತಗ್ಗಿಸಿ, ಬೂಮಿನ ಕೆಳಗೆ ನುಸುಳಿ ಆಚೆ ಬದಿಗೆ ಕೂರಬೇಕು. ಹಿಂಬದಿಯನ್ನು ಗಾಳಿಗೆ ತಿರುಗಿಸುವ ‘ಜೈಬ್’ನಲ್ಲಿ ಬೂಮ್ ಇನ್ನೂ ರಭಸವಾಗಿ ಬೀಸುತ್ತದೆ.

ಗಂಟುಗಳಲ್ಲಿ ‘ಬೌಲೈನ್’ ಮೊದಲು ಕಲಿಯಿರಿ. ಎಷ್ಟು ಜಗ್ಗಿದರೂ ಇದರ ಕುಣಿಕೆ ಬಿಗಿಯುವುದಿಲ್ಲ, ಕೆಲಸ ಮುಗಿದ ಮೇಲೆ ಸಲೀಸಾಗಿ ಬಿಚ್ಚುತ್ತದೆ. ಎತ್ತಿನ ಹಗ್ಗವೇ ಸಾಕು. ಹಗ್ಗದ ಮಧ್ಯೆ ಸಣ್ಣ ಸುತ್ತು ಹಾಕಿ, ತುದಿಯನ್ನು ಅದರ ಕೆಳಗಿನಿಂದ ಮೇಲೆ ತನ್ನಿ. ಉದ್ದ ಹಗ್ಗದ ಹಿಂದಿನಿಂದ ಬಳಸಿ, ಬಂದ ಸುತ್ತಿನೊಳಗೇ ಕೆಳಕ್ಕಿಳಿಸಿ ಎಳೆಯಿರಿ. ಕಣ್ಣು ಮುಚ್ಚಿ ಹಾಕುವಷ್ಟು ಕೈ ಪಳಗಬೇಕು.

ಈಜು ಬಂದರೂ ಲೈಫ್ ಜಾಕೆಟ್ ಬೇಕೇ ಬೇಕು, ಅದರ ಎಲ್ಲ ಪಟ್ಟಿ ಬಿಗಿದಿರಬೇಕು. ಕಲಿಸುವವರಿಲ್ಲದೆ ಕಾರಂಜಾಕ್ಕಾಗಲಿ ಮಾಂಜ್ರಾ ನದಿಗಾಗಲಿ ಇಳಿಯಬೇಡಿ. ಚಿಕ್ಕ ದೋಣಿ ಮಗುಚುವುದು ಕಲಿಕೆಯ ಭಾಗವೇ. ಆಗ ದಡ ಹತ್ತಿರ ಕಂಡರೂ ಈಜಿ ಹೊರಡಬಾರದು. ತೇಲುವ ದೋಣಿ ದೂರದಿಂದಲೂ ಕಾಣುತ್ತದೆ, ನೀರಿನಲ್ಲಿನ ತಲೆ ಕಾಣುವುದಿಲ್ಲ. ಜೊತೆಗಿದ್ದವರೆಲ್ಲ ಇದ್ದಾರೆಯೇ ಎಂದು ಮೊದಲು ನೋಡಿ, ಶೀಟ್ ಸಡಿಲಿಸಿ, ತಳದ ಕಡೆಗೆ ಬಂದು ಡ್ಯಾಗರ್‌ಬೋರ್ಡ್ ಮೇಲೆ ಮೈಭಾರ ಹಾಕಿ. ಹಾಯಿಯಿಂದ ನೀರು ಸುರಿದಂತೆ ದೋಣಿ ನಿಧಾನವಾಗಿ ನೆಟ್ಟಗಾಗುತ್ತದೆ. ಹತ್ತಿ ಕುಳಿತು, ಒಳಗೆ ತುಂಬಿದ ನೀರನ್ನು ಡಬ್ಬಿಯಿಂದ ಮೊಗೆದು ಚೆಲ್ಲಿ.